100 ಮಿ.ಲೀ. ಬ್ಯೂರೆಟ್ ಸೆಟ್: ಔಷಧದ ಲೆಕ್ಕ ಕಲಿಯುವವರಿಗೆ ಎಷ್ಟು ಉಪಯುಕ್ತ?

ಡೋಸ್ ಲೆಕ್ಕವನ್ನು ಕಾಗದದ ಮೇಲೆ ಸಲೀಸಾಗಿ ಮಾಡುವ ನರ್ಸಿಂಗ್ ವಿದ್ಯಾರ್ಥಿಗಳು ಡ್ರಿಪ್ ಸ್ಟ್ಯಾಂಡ್ ಪಕ್ಕದಲ್ಲಿ ನಿಂತಾಗ ತಡವರಿಸುತ್ತಾರೆ. ಕಾಗದದಲ್ಲಾದರೆ ಲೆಕ್ಕ ಮುಗಿದ ಕೂಡಲೇ ಔಷಧ ರೋಗಿಯ ಮೈ ಸೇರಿದಂತೆ. ನಿಜದಲ್ಲಿ ಅದು ಒಂದೂವರೆ ಮೀಟರ್ ಟ್ಯೂಬ್ ದಾಟಬೇಕು. ಈ ಅಂತರವನ್ನು ಕಣ್ಣಿಗೆ ಕಾಣಿಸುವ ಕೆಲಸದಲ್ಲಿ, ಬಾಟಲಿ ಮತ್ತು ಟ್ಯೂಬ್ ನಡುವೆ ಗೆರೆ ಹಾಕಿದ ಅಳತೆಯ ಪಾತ್ರೆ ಇರುವ ಬ್ಯೂರೆಟ್ ಸೆಟ್‌ಗೆ ಸಾಟಿಯಿಲ್ಲ. ಇದು ಒಂದು ಕಂಪನಿಯ ಸೆಟ್‌ನ ವಿಮರ್ಶೆಯಲ್ಲ, ಈ ಬಗೆಯ ಸೆಟ್‌ನ ವಿಮರ್ಶೆ.

ಮೇಲ್ತುದಿಯಲ್ಲಿ ಬಾಟಲಿಗೆ ಚುಚ್ಚುವ ಸ್ಪೈಕ್, ಅದರ ಕೆಳಗೆ ಮೊದಲ ಕ್ಲ್ಯಾಂಪ್, ಆಮೇಲೆ 1 ಮಿ.ಲೀ. ಗೆರೆಗಳಿರುವ ಪಾರದರ್ಶಕ ಬ್ಯೂರೆಟ್. ಅದರ ಮುಚ್ಚಳದಲ್ಲಿ ಔಷಧ ಸೇರಿಸುವ ಪೋರ್ಟ್ ಮತ್ತು ಗಾಳಿಯಾಡುವ ವೆಂಟ್. ತಳದಲ್ಲಿ ದ್ರವ ಬರಿದಾದಾಗ ದಾರಿ ಮುಚ್ಚುವ ಫ್ಲೋಟ್ ವಾಲ್ವ್, ಕೆಳಗೆ ಡ್ರಿಪ್ ಚೇಂಬರ್, ರೋಲರ್ ಕ್ಲ್ಯಾಂಪ್. ಒಂದು ಮಿ.ಲೀ.ಗೆ 60 ಹನಿ. ಹಾಗಾಗಿ ಗಂಟೆಗೆ ಎಷ್ಟು ಮಿ.ಲೀ. ಬೇಕೋ ನಿಮಿಷಕ್ಕೆ ಅಷ್ಟೇ ಹನಿ ಎಣಿಸಿದರಾಯಿತು. ಆದರೆ ಈ ಸುಲಭ ಸೂತ್ರವನ್ನು ಮಿ.ಲೀ.ಗೆ 20 ದಪ್ಪ ಹನಿ ಬೀಳುವ ಮ್ಯಾಕ್ರೋ ಸೆಟ್‌ಗೆ ಹಚ್ಚಿದರೆ ಅಪಾಯ. ಅಲ್ಲಿ ನಿಮಿಷಕ್ಕೆ 30 ಹನಿ ಎಂದರೆ ಗಂಟೆಗೆ 90 ಮಿ.ಲೀ., ಅಂದರೆ ಮೂರು ಪಟ್ಟು ವೇಗ. ಪೊಟ್ಟಣದ ಮೇಲಿನ ಹನಿ ಸಂಖ್ಯೆ ಓದದೆ ಕ್ಲ್ಯಾಂಪ್ ಮುಟ್ಟಬಾರದು.

ಈ ಸೆಟ್ ಏನು ಕಲಿಸುತ್ತದೆ ಎಂಬುದಕ್ಕೆ ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಒಳ್ಳೆಯ ಉದಾಹರಣೆ. 8 ಕೆ.ಜಿ. ತೂಕದ ಮಗುವಿಗೆ ಕೆ.ಜಿ.ಗೆ 15 ಮಿ.ಗ್ರಾಂ.ನಂತೆ 120 ಮಿ.ಗ್ರಾಂ. ಬರೆದಿದ್ದಾರೆ ಎನ್ನೋಣ. 500 ಮಿ.ಗ್ರಾಂ. ವಯಲ್‌ಗೆ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿದರೆ ಮಿ.ಲೀ.ಗೆ 50 ಮಿ.ಗ್ರಾಂ.; ನಮಗೆ ಬೇಕಾದ್ದು 2.4 ಮಿ.ಲೀ. ಇದನ್ನು ಸಿರಿಂಜ್‌ನಲ್ಲೇ ಅಳೆಯಬೇಕು, ಬ್ಯೂರೆಟ್ಟಿನ ಗೆರೆಗೆ ಅಷ್ಟು ಸೂಕ್ಷ್ಮತೆ ಇಲ್ಲ. ರಕ್ತನಾಳಕ್ಕೆ ಹೋಗುವ ದ್ರಾವಣ ಸಾಮಾನ್ಯವಾಗಿ ಮಿ.ಲೀ.ಗೆ 5 ಮಿ.ಗ್ರಾಂ. ಮೀರಬಾರದು. ನಾರ್ಮಲ್ ಸಲೈನ್ ಸೇರಿಸಿ ಒಟ್ಟು 30 ಮಿ.ಲೀ. ಮಾಡಿದರೆ ಮಿ.ಲೀ.ಗೆ 4 ಮಿ.ಗ್ರಾಂ. ಆಯಿತು. ಕನಿಷ್ಠ ಒಂದು ಗಂಟೆಯಲ್ಲಿ ಹೋಗಬೇಕಾದ್ದರಿಂದ ನಿಮಿಷಕ್ಕೆ 30 ಹನಿ.

ಇಷ್ಟಕ್ಕೆ ಪಠ್ಯದ ಲೆಕ್ಕ ಮುಗಿಯುತ್ತದೆ, ಸೆಟ್‌ನ ಲೆಕ್ಕ ಮುಗಿಯುವುದಿಲ್ಲ. 150 ಸೆಂ.ಮೀ. ಉದ್ದದ, 3 ಮಿ.ಮೀ. ಒಳವ್ಯಾಸದ ಟ್ಯೂಬ್‌ನಲ್ಲಿ ಸುಮಾರು 10.6 ಮಿ.ಲೀ. ದ್ರವ ನಿಲ್ಲುತ್ತದೆ. ಟ್ಯೂಬ್ ತುಂಬ ಮೊದಲೇ ಸಲೈನ್ ಇದ್ದರೆ, ಕ್ಲ್ಯಾಂಪ್ ತೆರೆದ 21 ನಿಮಿಷದ ತನಕ ಮಗುವಿಗೆ ಔಷಧವೇ ತಲುಪಿರುವುದಿಲ್ಲ. ಬ್ಯೂರೆಟ್ ಬರಿದಾದಾಗ ಟ್ಯೂಬ್‌ನೊಳಗೆ ಇನ್ನೂ ಸುಮಾರು 42 ಮಿ.ಗ್ರಾಂ. ಉಳಿದಿರುತ್ತದೆ, ಡೋಸ್‌ನ ಮೂರನೇ ಒಂದು ಪಾಲಿಗಿಂತ ಹೆಚ್ಚು. ಆಗ ಸೆಟ್ ಕಳಚಿ ಎಸೆದರೆ ಮಗುವಿಗೆ ಸಿಕ್ಕಿದ್ದು 78 ಮಿ.ಗ್ರಾಂ. ಮಾತ್ರ. ಚಾರ್ಟ್‌ನಲ್ಲಿ ಪೂರ್ತಿ ಡೋಸ್ ಎಂದೇ ದಾಖಲಾಗುತ್ತದೆ. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು: "ಔಷಧ ಮುಗಿಯಿತಲ್ಲ" ಎಂದು ಸಲೈನನ್ನು ಜೋರಾಗಿ ಬಿಡುವುದು. ಆ 42 ಮಿ.ಗ್ರಾಂ. ಒಂದೆರಡು ನಿಮಿಷದಲ್ಲಿ ನುಗ್ಗಿ, ದೇಹದ ಮಾಸ್ಟ್ ಕೋಶಗಳಿಂದ ಅಲರ್ಜಿಯಂಥ ಲಕ್ಷಣ ತರುವ ಹಿಸ್ಟಮಿನ್ ಬಿಡುಗಡೆಯಾಗಿ, ಮುಖ, ಕುತ್ತಿಗೆ ಕೆಂಪೇರಿ ತುರಿಕೆ ಬರಬಹುದು, ರಕ್ತದೊತ್ತಡ ಕುಸಿಯಬಹುದು. ಆದ್ದರಿಂದ 15 ಮಿ.ಲೀ. ಸಲೈನನ್ನು ಅದೇ 30 ಹನಿಯ ವೇಗದಲ್ಲೇ ಬಿಡಬೇಕು, ಆ ದ್ರವವನ್ನೂ ಮಗುವಿನ ದಿನದ ಲೆಕ್ಕಕ್ಕೆ ಸೇರಿಸಬೇಕು. ಔಷಧ ವಿಜ್ಞಾನ ಮತ್ತು ಕೈಕೆಲಸ ಇಷ್ಟು ಹತ್ತಿರ ಬಂದು ಕೂಡುವ ಪಾಠ ಮೊದಲ ವರ್ಷದಲ್ಲಿ ಬೇರೊಂದು ಸಿಗುವುದು ಕಷ್ಟ.

ಬೆರೆಸುವ ಕ್ರಮವೂ ಮುಖ್ಯ. ಕೆಳಗಿನ ಕ್ಲ್ಯಾಂಪ್ ಮುಚ್ಚಿ, ಬ್ಯೂರೆಟ್‌ಗೆ 20 ಮಿ.ಲೀ. ಸಲೈನ್ ಬಿಟ್ಟು, ಪೋರ್ಟ್ ಒರೆಸಿ ಒಣಗಲು ಬಿಟ್ಟು, ಔಷಧ ಸೇರಿಸಿ, ಮತ್ತೆ 30ರ ಗೆರೆಗೆ ತುಂಬಿ, ಮೇಲಿನ ಕ್ಲ್ಯಾಂಪ್ ಬಿಗಿಯಾಗಿ ಮುಚ್ಚಿ, ಮೆಲ್ಲಗೆ ಸುತ್ತಾಡಿಸಬೇಕು. ಸುತ್ತಾಡಿಸದಿದ್ದರೆ ಏನಾಗುತ್ತದೆಂದು ಲ್ಯಾಬ್‌ನಲ್ಲಿ ನೋಡಲು ಬಣ್ಣ ಹಾಕಿದ ಗಟ್ಟಿ ಸಕ್ಕರೆ ನೀರು ಸಾಕು: ಭಾರದ ದ್ರವ ತಳ ಹಿಡಿದು ಮೊದಲು ಅದೇ ಇಳಿಯುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಹೀಗೆ ಇಳಿದರೆ ಹೃದಯದ ಲಯವೇ ಕೆಡುತ್ತದೆ. ಮೇಲಿನ ಕ್ಲ್ಯಾಂಪ್ ತೆರೆದೇ ಉಳಿದರಂತೂ ಬಾಟಲಿಯಿಂದ ದ್ರವ ಇಳಿಯುತ್ತಲೇ ಇರುತ್ತದೆ, ಔಷಧ ತೆಳುವಾಗುತ್ತ ಹೋಗುತ್ತದೆ, ಬ್ಯೂರೆಟ್ ಹಾಕಿದ ಉದ್ದೇಶವೇ ಹಾಳು.

ಹಿಂದಿನ ದ್ರವ ಉಳಿದಿರುವ ಬ್ಯೂರೆಟ್‌ಗೆ ಹೊಸ ಔಷಧ ಹಾಕುವುದು ಮತ್ತೊಂದು ಸಾಮಾನ್ಯ ತಪ್ಪು. ಅಪಸ್ಮಾರದ ಔಷಧ ಫೆನಿಟಾಯಿನ್ ಡೆಕ್ಸ್‌ಟ್ರೋಸ್‌ನಲ್ಲಿ ಹರಳುಗಟ್ಟುತ್ತದೆ. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಅನ್ನು ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಜೊತೆ ಬೆರೆಸಬಾರದು.

ಸೆಟ್‌ನ ದೌರ್ಬಲ್ಯಗಳಲ್ಲಿ ಮೊದಲನೆಯದು ವೆಂಟ್. ಅತಿಯಾಗಿ ತುಂಬಿಸಿ ಅಥವಾ ಮಲಗಿಸಿಟ್ಟು ಅದರ ಫಿಲ್ಟರ್ ಒದ್ದೆಯಾದರೆ ಗಾಳಿ ಒಳಬರದೆ ಹನಿ ನಿಧಾನವಾಗಿ ನಿಲ್ಲುತ್ತದೆ. ಸೂಜಿಯ ತೊಂದರೆ ಎಂದುಕೊಂಡು ಮಗುವಿಗೆ ಮತ್ತೆ ಚುಚ್ಚುವ ಮುನ್ನ ವೆಂಟ್ ನೋಡಿ. ಬರಿದಾದ ಮೇಲೆ ಫ್ಲೋಟ್ ವಾಲ್ವ್ ಅಂಟಿಕೊಂಡರೆ, ಬ್ಯೂರೆಟ್‌ಗೆ ದ್ರವ ತುಂಬಿ, ಡ್ರಿಪ್ ಚೇಂಬರ್ ಕೆಳಗಿನ ಟ್ಯೂಬ್ ಚಿವುಟಿ ಹಿಡಿದು ಚೇಂಬರನ್ನು ಮೆಲ್ಲಗೆ ಹಿಂಡಿದರೆ ಬಿಡಿಸಿಕೊಳ್ಳುತ್ತದೆ. ರೋಲರ್ ಕ್ಲ್ಯಾಂಪ್ ಕೂಡ ನಂಬಿ ಕೂರುವಂಥದ್ದಲ್ಲ. ಒತ್ತಿದ ಟ್ಯೂಬ್ ಮೆಲ್ಲಗೆ ರೂಪ ಬದಲಿಸುತ್ತದೆ, ಮಗು ಕೈ ಮಡಚುತ್ತದೆ. ಮೊದಲ ಕಾಲು ಗಂಟೆಯಲ್ಲಿ ಎರಡು ಮೂರು ಸಲ, ಪ್ರತಿಸಲ ಪೂರ್ತಿ ಒಂದು ನಿಮಿಷ, ಹನಿ ಎಣಿಸಬೇಕು. ರಕ್ತದೊತ್ತಡ ಏರಿಸುವ ಡೋಪಮಿನ್‌ನಂಥ ಔಷಧಕ್ಕೆ ಸಿರಿಂಜ್ ಪಂಪ್ ಬೇಕೇ ಬೇಕು. ಹೃದಯದ ಔಷಧ ನೈಟ್ರೋಗ್ಲಿಸರಿನ್ ಅನ್ನು ಪಿವಿಸಿ ಟ್ಯೂಬ್ ಹೀರಿಕೊಳ್ಳುವುದರಿಂದ ಅದಕ್ಕೂ ಈ ಸೆಟ್ ಸಲ್ಲ.

ಕೊಳ್ಳುವಾಗ ಗೆರೆಗಳು ಎದ್ದು ಕಾಣುತ್ತವೆಯೇ, ಉಗುರಿನಿಂದ ಉಜ್ಜಿದರೆ ಅಳಿಸುತ್ತವೆಯೇ, ಮೇಲಿನ ಕ್ಲ್ಯಾಂಪ್ ಪೂರ್ತಿ ಮುಚ್ಚುತ್ತದೆಯೇ ನೋಡಿ. ಗೆರೆ ಮಸುಕಾದ ಸೆಟ್ ಕಲಿಕೆಗೂ ಬೇಡ. ಅಭ್ಯಾಸಕ್ಕೆ ಪೊಟ್ಟಣ ಒಡೆದ ಸೆಟ್‌ಗೆ ಕೆಂಪು ಟೇಪ್ ಸುತ್ತಿ ಲ್ಯಾಬ್‌ನಲ್ಲೇ ಇಡಬೇಕು, ಅದು ವಾರ್ಡ್‌ನ ಟ್ರಾಲಿಗೆ ಹೋಗಕೂಡದು.