ಕೂಪನ್ನೋ ರೇಷನ್ ಕಾರ್ಡೋ? ತಿಂಗಳ ಜೀನಸಿನ ಲೆಕ್ಕ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಹತ್ತಿರ. ತಿಂಗಳ ಜೀನಸು ತರಲು ನಮಗೆ ನಾಲ್ಕು ದಾರಿಗಳಿವೆ: ಮಾವೇಲಿ ಸ್ಟೋರ್ (ಕೇರಳ ಸರಕಾರದ ಸಪ್ಲೈಕೋ ಸಂಸ್ಥೆಯ ಅಂಗಡಿ), ಪೇಟೆಯ ಸೂಪರ್ ಮಾರ್ಕೆಟ್, ಮೊಬೈಲ್ ಆ್ಯಪ್, ಮತ್ತೆ ಮಂಗಳೂರಿನ ದೊಡ್ಡ ಮಳಿಗೆ. ಒಂದೇ ಚೀಟಿ ಹಿಡಿದು ನಾಲ್ಕೂ ಕಡೆ ದರ ಬರೆದುಕೊಂಡೆ. ಕೂಪನ್ ಕಳೆದು, ಬಸ್ ಚಾರ್ಜು, ಡೆಲಿವರಿ ಚಾರ್ಜು ಕೂಡಿಸಿ, ಸಾಮಾನು ಮನೆ ಸೇರುವಾಗ ಕಿಲೋಗೆ ಎಷ್ಟು ಬಿತ್ತು ಅಂತ ನೋಡಿದೆ.

ಬೇಳೆಕಾಳಿನಲ್ಲಿ ಮಾವೇಲಿಗೆ ಎದುರಿಲ್ಲ. ಸಪ್ಲೈಕೋದವರು ರೇಷನ್ ಕಾರ್ಡಿಗೆ 13 ಬಗೆ ಸಾಮಾನು ಸಬ್ಸಿಡಿಯಲ್ಲಿ ಕೊಡುತ್ತಾರೆ. ಹೆಸರು, ಉದ್ದು, ಕಡಲೆ, ಅಲಸಂದೆ, ತೊಗರಿಬೇಳೆ, ಒಣಮೆಣಸು, ಕೊತ್ತಂಬರಿ, ಸಕ್ಕರೆ, ತೆಂಗಿನೆಣ್ಣೆ, ಇವುಗಳ ಜೊತೆಗೆ ನಾಲ್ಕು ಬಗೆ ಅಕ್ಕಿ. ಮೊದಲು ವರ್ಷಗಟ್ಟಲೆ ದರ ಏರಿಸಿರಲಿಲ್ಲ, ಆಗ ಉಳಿತಾಯ ಇನ್ನೂ ಜಾಸ್ತಿ ಇತ್ತು. 2024ರ ಫೆಬ್ರವರಿಯಲ್ಲಿ ಅದನ್ನು ಬದಲಿಸಿ, ಮಾರುಕಟ್ಟೆ ದರಕ್ಕಿಂತ ಶೇಕಡಾ 35 ಕಡಿಮೆ ಎಂದು ಮಾಡಿದರು. ಆದರೂ ತೊಗರಿಬೇಳೆಗೆ ಶೇಕಡಾ 35 ಬಿಡುವ ಕೂಪನ್ ನನಗಂತೂ ಎಲ್ಲೂ ಸಿಗಲಿಲ್ಲ.

ಇದು ಹಳದಿ, ಗುಲಾಬಿ ಕಾರ್ಡಿನ ಬಡ ಕುಟುಂಬದವರಿಗೆ ಮಾತ್ರ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಉಳಿದವರ ನೀಲಿ, ಬಿಳಿ ಕಾರ್ಡಿಗೂ ಸಿಗುತ್ತದೆ. ದರದ ಬೋರ್ಡು ಮಲಯಾಳದಲ್ಲಿದೆ ಅಂತ ಹಿಂಜರಿಯಬೇಡಿ, ಕೇಳಿದರೆ ಹೇಳುತ್ತಾರೆ. ಒಂದು ಕಾರ್ಡಿಗೆ ತಿಂಗಳಿಗೆ ಇಂತಿಷ್ಟೇ ಎಂದು ಮಿತಿ ಇದೆ. ಹಾಗಾಗಿ ದೊಡ್ಡ ಸಂಸಾರಕ್ಕೆ ಉಳಿದದ್ದನ್ನು ಬೇರೆ ಕಡೆ ಕೊಳ್ಳಲೇಬೇಕು. ಗುಣದ ಬಗ್ಗೆ ನನಗೂ ಅನುಮಾನ ಇತ್ತು. ಅಲ್ಲಿಯ ಉದ್ದನ್ನು ರಾತ್ರಿ ರುಬ್ಬಿಟ್ಟೆ. ಬೆಳಿಗ್ಗೆ ಹಿಟ್ಟು ಪಾತ್ರೆಯ ಅಂಚಿನವರೆಗೆ ಉಬ್ಬಿತ್ತು, ಇಡ್ಲಿಯೂ ಮೆತ್ತಗೆ ಬಂತು. ಅಕ್ಕಿಯಲ್ಲಿ ಮಟ್ಟ ಎಂಬ ಬಗೆ ನಮ್ಮ ಮನೆಯ ಗಂಜಿಗೆ ಒಗ್ಗಿತು, ಜಯ ಎಂಬ ಬಗೆ ಒಗ್ಗಲಿಲ್ಲ.

ಇನ್ನು ಆ್ಯಪ್. ಕೂಪನ್ ಜಾಸ್ತಿ ಇರುವುದು ಇಲ್ಲೇ, ಜಾಗ್ರತೆ ಬೇಕಾದದ್ದೂ ಇಲ್ಲೇ. 500 ರೂಪಾಯಿ ಮೇಲೆ ಕೊಂಡರೆ 50 ಬಿಡುತ್ತೇವೆ ಅನ್ನುತ್ತಾರೆ. ನಿಮ್ಮ ಚೀಟಿ 420ಕ್ಕೆ ಮುಗಿಯುತ್ತದೆ ಅಂತ ಇಟ್ಟುಕೊಳ್ಳಿ. ಕೂಪನ್ ಹೋಗಬಾರದು ಅಂತ 80 ರೂಪಾಯಿಯ ಬಿಸ್ಕತ್ತು ಸೇರಿಸಿದರೆ ಕೊಡುವುದು 450. ಕೂಪನ್ ಬಿಟ್ಟಿದ್ದರೆ 420ರಲ್ಲೇ ಮುಗಿಯುತ್ತಿತ್ತು, ಅಲ್ವಾ? ಅದರ ಮೇಲೆ ಡೆಲಿವರಿ ಚಾರ್ಜು ಬಿದ್ದರಂತೂ ಕೇಳುವುದೇ ಬೇಡ.

ಆದರೆ ಬಟ್ಟೆ ಒಗೆಯುವ ಪುಡಿ, ಟೂತ್‌ಪೇಸ್ಟ್, ಶಾಂಪೂ, ಪಾತ್ರೆ ತೊಳೆಯುವ ಸೋಪು, ಇವುಗಳಲ್ಲಿ ಆ್ಯಪ್ ನಿಜಕ್ಕೂ ಗೆದ್ದಿತು. ಇವು ಕೆಡುವ ಸಾಮಾನಲ್ಲ, ಹೇಗೂ ಬೇಕಾಗುತ್ತವೆ. ಎರಡು ಮೂರು ತಿಂಗಳಿಗೆ ಒಟ್ಟಿಗೇ ತರಿಸಿದರೆ ಕೂಪನ್ನಿನ ಮಿತಿ ಸುಮ್ನೆ ದಾಟುತ್ತದೆ, ಬೇಡದ್ದನ್ನು ಸೇರಿಸಬೇಕಾಗಿಲ್ಲ. ತೂಕ ಮಾತ್ರ ನೋಡಿಯೇ ಕೊಳ್ಳಿ. ದೊಡ್ಡ ಪ್ಯಾಕೆಟ್ಟು ಅಂದಕೂಡಲೇ ಅಗ್ಗ ಅಲ್ಲ. ಈಗ ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಮಿಗೋ ಕಿಲೋಗೋ ಇಷ್ಟು ಎಂದು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ಆ್ಯಪ್‌ನಲ್ಲಿ ನೀವು ಕೊಡುವ ದುಡ್ಡನ್ನು ತೂಕದಿಂದ ಭಾಗಿಸಿ ನೋಡಿ. 'ಎರಡಕ್ಕೆ ಒಂದು ಉಚಿತ' ಎಂಬುದರ ನಿಜ ಅಲ್ಲೇ ಗೊತ್ತಾಗುತ್ತದೆ.

ಪೇಟೆಯ ಸೂಪರ್ ಮಾರ್ಕೆಟ್ಟಿನ ಪಾಯಿಂಟ್ ಕಾರ್ಡಿನಿಂದ ದೊಡ್ಡ ಲಾಭ ಕಾಣಲಿಲ್ಲ. ನಾನು ಹೋಗುವ ಕಡೆ ನೂರು ರೂಪಾಯಿಗೆ ಒಂದು ಪಾಯಿಂಟ್, ಅಂದರೆ ಒಂದು ರೂಪಾಯಿ. ಓಣಂ ಹೊತ್ತಿಗೆ ಕೊಡುವ ಲಕ್ಕಿ ಡ್ರಾ ಕೂಪನ್ನನ್ನು ಉಳಿತಾಯದ ಲೆಕ್ಕಕ್ಕೆ ಹಿಡಿಯಲೇಬೇಡಿ. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತರಕಾರಿಗೆ ಮಾತ್ರ ಅಲ್ಲಿಗೆ ಹೋಗುತ್ತೇನೆ, ಕಣ್ಣಾರೆ ನೋಡಿ ಆರಿಸಬಹುದು.

ಮಂಗಳೂರಿನ ಮಳಿಗೆಯಲ್ಲಿ ದರ ಕಡಿಮೆಯೇ. ಆದರೆ ಜೀನಸಿಗೆಂದೇ ತಲಪಾಡಿ ಗಡಿ ದಾಟಿ ಹೋದರೆ ಉಳಿದದ್ದೆಲ್ಲ ಬಸ್ಸಿಗೆ ಹೋಗುತ್ತದೆ, ಚೀಲ ಹೊರುವ ಕಷ್ಟ ಬೇರೆ. ಆಸ್ಪತ್ರೆಗೋ ಮದುವೆಗೋ ಹೋದಾಗ ಎರಡು ಸಾಮಾನು ತರಲು ಅಡ್ಡಿಯಿಲ್ಲ.

2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದಾಗ ನಮ್ಮ ಅಡುಗೆಮನೆಗೆ ಆಸರೆಯಾದದ್ದು ಮಾವೇಲಿಯ ಸಬ್ಸಿಡಿ ಎಣ್ಣೆ. ಆ ದಿನಗಳಲ್ಲಿ ಆ್ಯಪ್‌ನ ಕೂಪನ್ ಕಳೆದರೂ ಎಣ್ಣೆಯ ದರ ಅದರ ಹತ್ತಿರಕ್ಕೆ ಬರಲಿಲ್ಲ. ಈಗಲೂ ತಿಂಗಳು ಹುಟ್ಟಿದ ಕೂಡಲೇ ಯಾವ್ಯಾವ ಸಾಮಾನು ಬಂದಿದೆ ಎಂದು ವಿಚಾರಿಸಿಕೊಂಡು, ಕಾರ್ಡು ಹಿಡಿದು ಮೊದಲು ಅಲ್ಲಿಗೇ ಹೋಗುತ್ತೇನೆ. ಅಲ್ಲಿ ಸಿಗದ್ದು ಎಷ್ಟು ಉಳಿಯಿತು ಅಂತ ನೋಡಿದ ಮೇಲೆಯೇ ಆ್ಯಪ್ ತೆರೆಯುವುದು.