ಜಿಮ್ನಿಗೆ ಎರಡು ಇಂಚಿನ ಲಿಫ್ಟ್, ದೊಡ್ಡ ಟೈರು: ಶಿರಸಿಯ ಮಳೆಗಾಲ ಕಂಡ ಮೇಲಿನ ವಿಮರ್ಶೆ

ಲಿಫ್ಟ್ ಕಿಟ್, ಅಂದರೆ ಗಾಡಿಯನ್ನು ಎತ್ತರಿಸುವ ಸ್ಪ್ರಿಂಗು, ಶಾಕು ಮುಂತಾದ ಸಾಮಾನು, ಹಾಕಿಸಲು ಹೊರಟವರೆಲ್ಲ ಮೊದಲು ಕೇಳುವುದು ಎಷ್ಟು ಇಂಚು ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಟೈರು ಯಾವುದು, ಗಾಡಿಯಲ್ಲಿ ಸದಾ ಎಷ್ಟು ಭಾರ ಇರುತ್ತದೆ, ಓಡಾಟ ಎಲ್ಲಿ, ಈ ಮೂರು ಗೊತ್ತಾದರೆ ಇಂಚಿನ ಲೆಕ್ಕ ತಾನಾಗಿಯೇ ಬರುತ್ತದೆ. ನನ್ನದು ಐದು ಬಾಗಿಲಿನ ಮಾರುತಿ ಜಿಮ್ನಿ, ಮ್ಯಾನುವಲ್ ಗೇರು. ಹಾಕಿಸಿದ್ದು 50 ಮಿ.ಮೀ. ಲಿಫ್ಟ್ ಮತ್ತು 235/75 ಆರ್ 15 ಅಳತೆಯ ಆಲ್ ಟೆರೇನ್ (ಡಾಂಬರು, ಮಣ್ಣು ಎರಡಕ್ಕೂ ಆಗುವ) ಟೈರು. ಒಂದಕ್ಕಿಂತ ಹೆಚ್ಚು ಮಳೆಗಾಲ ಓಡಿಸಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ತೋಟಕ್ಕೆ ಇಳಿಯುವ ದಾರಿ ಜಂಬಿಟ್ಟಿಗೆ ಮಣ್ಣಿನದು. ಟ್ರ್ಯಾಕ್ಟರ್ ಓಡಾಡಿ ಎರಡೂ ಬದಿ ಗಾಲಿ ಇಳಿಯುವ ಜಾಗ ಕೊರೆದು, ನಡುವೆ ದಿಬ್ಬ ಎದ್ದಿರುತ್ತದೆ. ಇಲ್ಲೇ ಬಹಳ ಜನ ತಪ್ಪು ತಿಳಿಯುವುದು. ಸ್ಪ್ರಿಂಗು ಉದ್ದ ಮಾಡಿದರೆ ಮೇಲೇಳುವುದು ಚಾಸಿ ಮತ್ತು ಬಾಡಿ ಮಾತ್ರ. ಜಿಮ್ನಿಗೆ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡ ಬಲ ಗಾಲಿ ಜೋಡಿಸುವ ಒಂದೇ ದಂಡ) ಇದೆ, ಅದರ ನಡುವೆ ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ ಗುಂಡು ಎಷ್ಟು ಇಂಚು ಲಿಫ್ಟ್ ಮಾಡಿದರೂ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರು ಒಂದೇ. ಹಾಗಂತ ಲಿಫ್ಟ್ ದಂಡ ಅಂತಲ್ಲ. ಐದು ಬಾಗಿಲಿನ ಗಾಡಿಯಲ್ಲಿ ಮುಂದಿನ ಹಿಂದಿನ ಗಾಲಿಗಳ ನಡುವೆ 2590 ಮಿ.ಮೀ. ಅಂತರ ಇದೆ, ದಿಬ್ಬ ಹತ್ತಿ ಇಳಿಯುವಾಗ ಹೊಟ್ಟೆ ತಾಗುವ ಕೋನ 24 ಡಿಗ್ರಿ ಅಷ್ಟೆ. ಹೊಟ್ಟೆ ತಾಗುವುದಕ್ಕೆ ಲಿಫ್ಟ್ ಬೇಕು, ನಡುದಿಬ್ಬಕ್ಕೆ ಟೈರು ಬೇಕು. ನನಗೆ ಎರಡೂ ಬೇಕಿತ್ತು.

ಟೈರಿನ ಲೆಕ್ಕ ಹೀಗೆ. ಕಂಪನಿಯ 195/80 ಆರ್ 15 ಟೈರಿನ ವ್ಯಾಸ 693 ಮಿ.ಮೀ. 235/75 ಆರ್ 15 ಆದರೆ ಸುಮಾರು 733. ವ್ಯಾಸ 40 ಜಾಸ್ತಿ, ಆದರೆ ಆಕ್ಸಲ್ ಏಳುವುದು ಅದರ ಅರ್ಧ, 20 ಮಿ.ಮೀ. ಕೇಳಲು ಕಡಿಮೆ ಅನಿಸಬಹುದು. ಆದರೆ ಮೊದಲು ದಿಬ್ಬಕ್ಕೆ ಕೆರೆದುಕೊಂಡು ಹೋಗುತ್ತಿದ್ದ ಕಡೆ ಈಗ ತಾಗುವುದೇ ಇಲ್ಲ. ಒಂದು ವಿಷಯ ನೆನಪಿರಲಿ, ಕಂಪನಿ ರಿಮ್ಮಿನ ಅಗಲ 5.5 ಇಂಚು, 235ರ ಟೈರಿಗೆ ಕನಿಷ್ಠ 6 ಇಂಚಿನ ರಿಮ್ಮು ಬೇಕು. ಹಳೇ ರಿಮ್ಮಿಗೇ ಹಾಕಿ ಕೊಡುತ್ತೇವೆ ಅನ್ನುವ ಅಂಗಡಿ ಇದ್ದರೆ ಅಲ್ಲಿಂದ ಎದ್ದು ಬನ್ನಿ. ರಿಮ್ಮಿನ ಖರ್ಚು ಬೇಡ ಅನ್ನುವವರಿಗೆ 215/75 ಆರ್ 15 ಇದೆ, ಲಿಫ್ಟ್ ಇಲ್ಲದೆಯೂ ಕೂರುತ್ತದೆ, ಆದರೆ ಎತ್ತರ ಸಿಗುವುದು ಬರೀ 5 ಮಿ.ಮೀ.

ಇನ್ನು ಸ್ಪ್ರಿಂಗು. ಸ್ಪ್ರಿಂಗಿನ ಮೇಲೆ ಬಿಲ್ಲೆ ಇಟ್ಟು ಎತ್ತರ ಮಾಡುವ ಸ್ಪೇಸರ್ ಕಿಟ್ ಕೆಲವೇ ಸಾವಿರಕ್ಕೆ ಸಿಗುತ್ತದೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಶಾಕು (ಶಾಕ್ ಅಬ್ಸಾರ್ಬರ್) ಹಳೆಯ ಉದ್ದದ್ದೇ ಉಳಿದರೆ ಗಾಲಿ ಕೆಳಗೆ ಜೋತು ಬೀಳುವ ಅಂತರ ಕಡಿಮೆಯಾಗುತ್ತದೆ, ಹೊಂಡದಲ್ಲಿ ಗಾಲಿ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಎತ್ತರ ಮಾಡಿಸಿದ್ದು ಯಾಕೆ ಹಾಗಾದರೆ?

ಸರಿಯಾದ ಕಿಟ್‌ಗಳಲ್ಲಿ ಸ್ಪ್ರಿಂಗು ಭಾರಕ್ಕೆ ತಕ್ಕ ಹಾಗೆ ಬೇರೆ ಬೇರೆ ಬರುತ್ತವೆ. ಇಲ್ಲಿ ಆಸೆಪಡಬಾರದು, ಗಾಡಿಯಲ್ಲಿ ಎಷ್ಟು ಭಾರ ಇರುತ್ತದೋ ಅಷ್ಟನ್ನೇ ಹೇಳಬೇಕು. ಕಬ್ಬಿಣದ ಬಂಪರು, ವಿಂಚು (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ) ಇಲ್ಲದ ಗಾಡಿಗೆ ಮುಂದೆ ಗಟ್ಟಿ ಸ್ಪ್ರಿಂಗು ಹಾಕಿದರೆ ಹೇಳಿದ್ದಕ್ಕಿಂತ ಎತ್ತರಕ್ಕೆ ನಿಂತುಬಿಡುತ್ತದೆ, ಖಾಲಿ ಇದ್ದಾಗ ಸಣ್ಣ ಕಲ್ಲಿಗೂ ಎಗರುತ್ತದೆ. ನಾನು ಮುಂದೆ ಹಗುರದ್ದು, ಹಿಂದೆ ಮಧ್ಯಮ ಭಾರದ್ದು ಹಾಕಿಸಿದೆ. ಕಾರಣ ಅಡಿಕೆಯ ಕೊಳೆ ರೋಗದ ಔಷಧಿ. ಮಳೆ ಹಿಡಿಯುವ ಮುಂಚೆ ಒಮ್ಮೆ, ಮತ್ತೆ 40-45 ದಿನಕ್ಕೆ ಇನ್ನೊಮ್ಮೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ಪಂಪು, ಪೈಪು, ಸುಣ್ಣದ ಚೀಲ ಎಲ್ಲ ಹಿಂದೆ ತುಂಬಿರುತ್ತದೆ. ಆ ಭಾರಕ್ಕೆ ಗಾಡಿ ಹಿಂದೆ ಕುಸಿಯದೆ ಸಮ ನಿಲ್ಲುತ್ತದೆ, ಖಾಲಿ ಓಡಿಸಿದಾಗ ಸ್ವಲ್ಪ ಗಡಸು. ಇದು ನನಗೆ ಒಪ್ಪಿಗೆ. ಅಂದ ಹಾಗೆ ಮೈಲುತುತ್ತದ ನೀರು ಕಬ್ಬಿಣ ತಿನ್ನುತ್ತದೆ, ಗಾಡಿಯೊಳಗೆ ಸೋರಲು ಬಿಡಬೇಡಿ.

ಶಾಕಿನಲ್ಲಿ ಟ್ವಿನ್ ಟ್ಯೂಬ್ (ಒಳಗೊಂದು ಹೊರಗೊಂದು ಕೊಳವೆ ಇರುವುದು) ಆರಿಸಿದೆ. ಒಂದೇ ಕೊಳವೆಯ ಮೋನೋ ಟ್ಯೂಬ್ ಬೇಗ ತಣಿಯುತ್ತದೆ ನಿಜ, ಆದರೆ ಅದರಲ್ಲಿ ಪಿಸ್ಟನ್ನು ಹೊರಗಿನ ಕೊಳವೆಯಲ್ಲೇ ಓಡುತ್ತದೆ, ಕಲ್ಲು ಬಡಿದು ತಗ್ಗಾದರೆ ಮುಗಿಯಿತು. ನಮ್ಮ ಕಡೆ ವೇಗ ಕಡಿಮೆ, ಕಲ್ಲು ಜಾಸ್ತಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಕಿಟ್ ಚೆನ್ನಾಗಿದೆಯೋ ಇಲ್ಲವೋ ನಿರ್ಧಾರವಾಗುವುದು ಕಣ್ಣಿಗೆ ಬೀಳದ ಸಣ್ಣ ಸಾಮಾನುಗಳಲ್ಲಿ. ಆಕ್ಸಲ್ ಅಕ್ಕಪಕ್ಕ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಒಂದು ಕಡೆ ಚಾಸಿಗೆ, ಇನ್ನೊಂದು ಕಡೆ ಆಕ್ಸಲ್‌ಗೆ ಕಟ್ಟಿರುತ್ತದೆ. ಬಾಡಿ ಮೇಲೆದ್ದಾಗ ಅದು ಇಳಿಜಾರಾಗಿ ಆಕ್ಸಲನ್ನೇ ಒಂದು ಬದಿಗೆ ಎಳೆಯುತ್ತದೆ. ಮಡ್‌ಗಾರ್ಡಿನಿಂದ ತೂಗುಗುಂಡು ಇಳಿಬಿಟ್ಟು ಎರಡೂ ಬದಿ ಟೈರಿನವರೆಗೆ ಅಳೆದರೆ ಗೊತ್ತಾಗುತ್ತದೆ, ನನ್ನ ಗಾಡಿಯಲ್ಲಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಸರಿದಿತ್ತು. ಉದ್ದ ಹೊಂದಿಸಬಹುದಾದ ರಾಡು ಮುಂದೆ ಹಿಂದೆ ಎರಡೂ ಕಡೆ ಹಾಕಿಸಿ, ನಡುವಿಗೆ ತರಿಸಿದೆ.

ಎರಡನೆಯದು ಕ್ಯಾಸ್ಟರ್, ಅಂದರೆ ಮುಂದಿನ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಲಿಫ್ಟ್ ಆದಾಗ ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಇದು ಹಾಳಾದರೆ ದೇವಿಮನೆ ಘಟ್ಟದ ತಿರುವಿನಲ್ಲಿ ಸ್ಟೇರಿಂಗು ತಾನಾಗಿ ವಾಪಸ್ ಬರುವುದಿಲ್ಲ, ಕೈಯಲ್ಲೇ ಎಳೆದು ತರಬೇಕು. ಕೆಳಗೆ ಕುಮಟಾ-ಅಂಕೋಲಾ ಹೈವೇಯಲ್ಲಿ ನೇರ ಹೋಗುವಾಗ ಗಾಡಿ ಅತ್ತಿತ್ತ ತೇಲುತ್ತದೆ. ಗಟ್ಟಿ ಆಕ್ಸಲ್ ಗಾಡಿಗೆ ಅಲೈನ್‌ಮೆಂಟ್ ಅಂಗಡಿಯಲ್ಲಿ ಟೋ (ಗಾಲಿಗಳ ಮುಂಭಾಗ ಒಳಗೆ ಹೊರಗೆ ತಿರುಗಿರುವ ಅಳತೆ) ಮಾತ್ರ ಸರಿಮಾಡಲು ಬರುತ್ತದೆ. ಕ್ಯಾಸ್ಟರ್ ಸರಿಯಾಗಬೇಕಾದರೆ ರಂಧ್ರ ನಡುವಿನಲ್ಲಿರದೆ ಪಕ್ಕಕ್ಕಿರುವ ಕ್ಯಾಸ್ಟರ್ ಬುಶ್ಶು (ಜೋಡಣೆಯ ಜಾಗದ ರಬ್ಬರು) ಅಥವಾ ಬೇರೆ ಬ್ರ್ಯಾಕೆಟ್ಟೇ ಬೇಕು. ಕಿಟ್‌ನಲ್ಲಿ ಇದು ಇದೆಯಾ ಅಂತ ದುಡ್ಡು ಕೊಡುವ ಮೊದಲು ಕೇಳಿ. ಅಲೈನ್‌ಮೆಂಟ್ ಚೀಟಿಯಲ್ಲಿ ಮೊದಲಿನ ಮತ್ತು ನಂತರದ ಕ್ಯಾಸ್ಟರ್ ಅಂಕಿ ನೋಡಿ ಇಟ್ಟುಕೊಳ್ಳಿ.

ಬುಶ್ಶಿನ ಬೋಲ್ಟು ಬಿಗಿಯುವ ವಿಷಯದಲ್ಲಿ ಕುಮಟಾದ ನಮ್ಮ ಮೆಕ್ಯಾನಿಕ್ಕಿಗೆ ನಾನು ಋಣಿ. ಗಾಡಿ ಗ್ಯಾರೇಜಿನ ಎತ್ತುವ ಯಂತ್ರದ ಮೇಲೆ, ಗಾಲಿ ಜೋತು ಬಿದ್ದಿದ್ದಾಗ ಬೋಲ್ಟನ್ನು ಕೈಯಲ್ಲಿ ಸೇರಿಸಿ ಬಿಟ್ಟ. ‘ಭಟ್ರೇ, ಪೂರ್ತಿ ನೆಲಕ್ಕೆ ಇಳಿಸಿ, ಅಲುಗಾಡಿಸಿ ಆಮೇಲೆ ಟೈಟ್ ಮಾಡೋಣ, ಈಗ ಮಾಡಿದರೆ ರಬ್ಬರು ತಿರುಚಿಕೊಂಡೇ ಇರ್ತದೆ’ ಅಂದ. ಅದೇ ಸರಿ. ಮೇಲಿದ್ದಾಗಲೇ ಬಿಗಿದರೆ ಗಾಡಿ ನಿಂತಾಗಲೂ ರಬ್ಬರು ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ. ನೀವು ಯಾವ ಗ್ಯಾರೇಜಿಗೆ ಹೋದರೂ ಪಕ್ಕದಲ್ಲೇ ನಿಂತು ಇದನ್ನು ಮಾಡಿಸಿ.

ಉದ್ದದ ಬ್ರೇಕ್ ಪೈಪು ಹಾಕಿಸಿ, ಒಂದು ಗಾಲಿ ಪೂರ್ತಿ ಜೋತು ಬಿಟ್ಟು ಪೈಪು, ಎಬಿಎಸ್ ವೈರು ಬಿಗಿಯಾಗಿಲ್ಲ ಅಂತ ನೋಡಿ. ಬಂಪ್ ಸ್ಟಾಪ್ (ಗಾಲಿ ಅತಿಯಾಗಿ ಮೇಲೇರದಂತೆ ತಡೆಯುವ ರಬ್ಬರು) ಉದ್ದ ಮಾಡಿಸಿ, ಇಲ್ಲದಿದ್ದರೆ ದೊಡ್ಡ ಟೈರು ಒಳ ಮಡ್‌ಗಾರ್ಡು ಹರಿಯುತ್ತದೆ. ಹೆಡ್‌ಲೈಟಿನ ಬೆಳಕು ಕೆಳಗಿಳಿಸಿ, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ದಿನದ ಓಡಾಟ ಹೇಗಿದೆ? ಗಾಡಿ ಎತ್ತರವಾದ್ದರಿಂದ ತಿರುವಿನಲ್ಲಿ ಓಲಾಟ ಜಾಸ್ತಿ, ಘಟ್ಟದಲ್ಲಿ ಮೊದಲಿಗಿಂತ ನಿಧಾನ ಹೋಗುತ್ತೇನೆ. ಟೈರು ಭಾರ, ಬ್ರೇಕು ಸ್ವಲ್ಪ ಮುಂಚೆ ಹಿಡಿಯಬೇಕು. ಎಂಜಿನ್ ಅಷ್ಟೇ ಇದ್ದು ಗಾಲಿ ದೊಡ್ಡದಾಗಿದೆ, ಏರಿನಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಗುತ್ತದೆ. ಟೈರಿನ ಸುತ್ತಳತೆ ಸುಮಾರು 5.8 ಶೇಕಡಾ ಹೆಚ್ಚಿದ್ದರಿಂದ ಮೀಟರು 100 ಕಿ.ಮೀ. ತೋರಿಸಿದರೆ ಓಡಿದ್ದು ಲೆಕ್ಕದ ಪ್ರಕಾರ 105ರ ಮೇಲೆ. ಮೈಲೇಜ್ ಬಿತ್ತು ಅಂತ ಗಾಬರಿಯಾಗುವ ಮುಂಚೆ ಇದನ್ನು ಸೇರಿಸಿ ನೋಡಿ. ಬಿದ್ದಿದೆ, ಆದರೆ ಮೀಟರು ಹೇಳುವಷ್ಟಲ್ಲ. ಆಯಿಗೆ ಹತ್ತುವುದು ಕಷ್ಟವಾಯಿತು. ಸೈಡ್ ಸ್ಟೆಪ್ ಹಾಕಿದರೆ ಗಳಿಸಿದ ಎತ್ತರವೇ ಹೋಗುತ್ತದೆ, ಅದಕ್ಕೆ ಹಿಂದಿನ ಸೀಟಿನ ಕೆಳಗೆ ಒಂದು ಕಟ್ಟಿಗೆಯ ಮಣೆ ಇಟ್ಟಿದ್ದೇನೆ.

ಕೈಕೊಟ್ಟಿದ್ದೂ ಇದೆ. ಒಂದು ಹಿಂದಿನ ಶಾಕು ಮಳೆಗಾಲ ಮುಗಿಯುವ ಹೊತ್ತಿಗೆ ಎಣ್ಣೆ ಸೋರಲು ಶುರುವಾಯಿತು. ವಾರಂಟಿ ಇದ್ದರೂ ಮಾರಿದವರು ಫೋಟೊ, ವಿಡಿಯೊ, ಬಿಲ್ಲು ಅಂತ ಎಳೆದಾಡಿಸಿ ತಿಂಗಳುಗಟ್ಟಲೆ ಕಾಯಿಸಿದರು. ಇದು ಬೇಸರದ ಸಂಗತಿ, ಯಾಕೆಂದರೆ ಸಾಮಾನು ಬರುವವರೆಗೆ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಬಿಡಿ ಶಾಕು ಒಂದೇ ಸಿಗುತ್ತದಾ ಅಂತ ಕೊಳ್ಳುವಾಗಲೇ ಕೇಳಿ. ಸಮುದ್ರದ ದಂಡೆಯಲ್ಲಿ ಇರುವವರು, ಕಾರವಾರ, ಅಂಕೋಲಾ, ಹೊನ್ನಾವರದವರು, ಶಾಕಿನ ಹೊಳೆಯುವ ರಾಡಿನ ಮೇಲೆ ಕಣ್ಣಿಡಿ. ಉಪ್ಪು ಗಾಳಿಗೆ ಅಲ್ಲಿ ಸಣ್ಣ ತುಕ್ಕಿನ ಚುಕ್ಕೆ ಎದ್ದರೆ ಅದೇ ಸೀಲನ್ನು ಕೊಯ್ಯುತ್ತದೆ. ಬೀಚಿಗೆ ಹೋಗಿ ಬಂದ ದಿನವೇ ಕೆಳಗಡೆ ಸಿಹಿನೀರು ಹೊಡೆಯಿರಿ. ಮುಂದಿನ ಪ್ಯಾನ್‌ಹಾರ್ಡ್ ರಾಡಿನ ಬುಶ್ಶು ನೋಡಲು ಸುಲಭ ದಾರಿ ಇದೆ: ಎಂಜಿನ್ ಚಾಲೂ ಇಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಅತ್ತಿತ್ತ ಮಾಡಲಿ, ಇನ್ನೊಬ್ಬರು ರಾಡಿನ ತುದಿ ನೋಡಲಿ. ಬೋಲ್ಟಿನ ಹತ್ತಿರ ಅಲುಗಾಟ ಕಂಡರೆ ಕೂಡಲೇ ಬದಲಾಯಿಸಿ.

ಕಾನೂನಿನ ಮಾತು ಬಿಡುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವಂತಿಲ್ಲ. ಕೆಲಸಕ್ಕೆ ಮುಂಚೆಯೇ ಆರ್‌ಟಿಒ ಮತ್ತು ವಿಮಾ ಕಂಪನಿ ಎರಡಕ್ಕೂ ಬರೆದು ಕೇಳಿ, ಉತ್ತರ ಕಾಗದದಲ್ಲಿ ಇಟ್ಟುಕೊಳ್ಳಿ. ಮತ್ತೆ ದಯವಿಟ್ಟು, ಟೈರು ದೊಡ್ಡದಿದೆ ಅಂತ ಕಾಡಿನೊಳಗೆ, ಹಳ್ಳದ ಪಾತ್ರದಲ್ಲಿ ಗಾಡಿ ನುಗ್ಗಿಸಬೇಡಿ.

ತೋಟ, ಗದ್ದೆ, ಕಚ್ಚಾ ರಸ್ತೆ ಇರುವವರಿಗೆ 50 ಮಿ.ಮೀ. ಸಾಕು, ಅದರ ಮೇಲೆ ಹೋದರೆ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನದಿಂದ ಹಿಡಿದು ಹೊಸ ತಲೆನೋವು ಶುರುವಾಗುತ್ತದೆ. ದುಡ್ಡು ಕಡಿಮೆ ಇದ್ದರೆ ಈ ವರ್ಷ ಟೈರು ಮಾತ್ರ, 215/75 ಹಾಕಿಸಿ ಓಡಿಸಿ. ಮುಂದಿನ ವರ್ಷ ರಾಡು, ಕ್ಯಾಸ್ಟರ್ ಬುಶ್ಶು ಎಲ್ಲ ಸೇರಿದ ಪೂರ್ತಿ ಕಿಟ್ ಒಂದೇ ಸಲ ಹಾಕಿಸಿ.