ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟೋ ಮುಂಚೆ ವ್ಯಾನ್ ಐಪಿ ನೋಡಿ

ಮನೆಯಲ್ಲಿ ವೆಬ್ ಸರ್ವರ್ ಇಟ್ಟುಕೊಂಡು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವ ಸಂಪರ್ಕವನ್ನು ರೌಟರಿನಿಂದ ಆ ಸರ್ವರಿಗೆ ತಿರುಗಿಸೋದು) ಜೊತೆ ಗುದ್ದಾಡುತ್ತಿದ್ದೀರಾ? ಸೆಟ್ಟಿಂಗ್ ಬದಲಾಯಿಸೋದನ್ನು ಸ್ವಲ್ಪ ನಿಲ್ಲಿಸಿ. ರೌಟರಿನ ಸ್ಟೇಟಸ್ ಪುಟ ತೆಗೆದು ಅಲ್ಲಿ ವ್ಯಾನ್ ಐಪಿ (WAN IP, ಅಂದರೆ ಇಂಟರ್ನೆಟ್ ಕಡೆಯಿಂದ ರೌಟರಿಗೆ ಸಿಕ್ಕಿರುವ ವಿಳಾಸ) ಅಂತ ಯಾವ ನಂಬರ್ ಇದೆ ನೋಡಿ. ಆಮೇಲೆ ಗೂಗಲ್‌ನಲ್ಲಿ 'ವಾಟ್ ಈಸ್ ಮೈ ಐಪಿ' ಅಂತ ಹುಡುಕಿ. ಎರಡೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಅಡ್ಡಿ ಇರೋದು ನಿಮ್ಮ ರೌಟರಿನ ಆಚೆ. ಇಷ್ಟು ಸಣ್ಣ ವಿಷಯ ನಮ್ಮ ಇಂಟರ್ನೆಟ್ ಕಂಪನಿಯವರು ಹೇಳಲಿಲ್ಲ, ದುಡ್ಡು ಮಾತ್ರ ಕಟ್ಟಿಸಿಕೊಂಡರು.

ನಮ್ಮನೆಯಲ್ಲಿ ಇರೋದು ರಾಸ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಅದರಲ್ಲಿ ಎನ್‌ಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರ್. ಮನೆಯವರ ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದೆ, ಬೇರೆ ಊರುಗಳಲ್ಲಿರುವ ನೆಂಟರು ನೋಡಲಿ ಅಂತ. ಮನೆಯೊಳಗೆ 192.168.1.50 ಅಂತ ಹೊಡೆದರೆ ಪುಟ ಚೆನ್ನಾಗಿ ತೆರೆಯುತ್ತಿತ್ತು. ವೆಬ್ ಪುಟಗಳಿಗೆ ಬಳಸುವ 80 ಮತ್ತು 443 ಎರಡೂ ಪೋರ್ಟ್ ಪೈ ಕಡೆಗೆ ತಿರುಗಿಸಿದ್ದೆ. ಹೊರಗಿನಿಂದ ಮಾತ್ರ ಏನೂ ಇಲ್ಲ, ಸುಮ್ನೆ ಸುತ್ತುತ್ತಾ ಇರೋದು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಮೊದಲು 'ರೌಟರ್ ರೀಸ್ಟಾರ್ಟ್ ಮಾಡಿ ಸರ್'. ಆಮೇಲೆ 'ಅದಕ್ಕೆ ಸ್ಟ್ಯಾಟಿಕ್ ಐಪಿ ತಗೋಬೇಕು ಸರ್'. ವರ್ಷದ ದುಡ್ಡು ಮುಂಗಡ. ಕಟ್ಟಿದ ಮೇಲೆ ವ್ಯಾನ್ ಐಪಿ ನೋಡಿದರೆ 10ರಿಂದ ಶುರುವಾಗುವ ನಂಬರ್! ಸ್ಟ್ಯಾಟಿಕ್ ಅನ್ನೋದೇನೋ ನಿಜ, ಯಾವತ್ತು ನೋಡಿದರೂ ಅದೇ ನಂಬರ್. ಆದರೆ ಆ ವಿಳಾಸ ಅವರ ನೆಟ್‌ವರ್ಕಿನ ಒಳಗೆ ಮಾತ್ರ ನಡೆಯುತ್ತದೆ. ಹೊರಗಿನ ಯಾರೂ ಅದನ್ನು ಹಿಡಿದು ನಮ್ಮನೆಗೆ ಬರೋಕಾಗಲ್ಲ.

ಇದನ್ನು ಪತ್ತೆ ಹಚ್ಚೋದು ಸುಲಭ. 10ರಿಂದ ಶುರುವಾದರೆ, 192.168 ಇದ್ದರೆ, 172.16ರಿಂದ 172.31ರ ಒಳಗಿದ್ದರೆ ಅದು ಖಾಸಗಿ ವಿಳಾಸ. 100.64ರಿಂದ 100.127ರ ಒಳಗಿದ್ದರೆ ಅದು ಸಿಜಿ-ನ್ಯಾಟ್, ಅಂದರೆ ಒಂದೇ ಪಬ್ಲಿಕ್ ವಿಳಾಸವನ್ನು ಕಂಪನಿಯವರು ತುಂಬಾ ಗ್ರಾಹಕರಿಗೆ ಹಂಚುವ ಏರ್ಪಾಡು. ಈ ಕೆಲಸಕ್ಕೆಂದೇ 2012ರಲ್ಲಿ ಆ ವಿಳಾಸಗಳನ್ನು ಬೇರೆ ತೆಗೆದಿಟ್ಟರು. ಐಪಿವಿ4 ಅನ್ನುವ ಹಳೇ ವಿಳಾಸ ಪದ್ಧತಿಯಲ್ಲಿ ಇರೋದೇ ಸುಮಾರು 430 ಕೋಟಿ ವಿಳಾಸ. ಜಗತ್ತಿಗೆಲ್ಲ ಹಂಚುವ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಹಾಗಾಗಿ ಕಂಪನಿಗಳು ತುಂಬಾ ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಇಡೀ ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ನೀವು ಕಳಿಸಿದ ಪತ್ರಕ್ಕೆ ಉತ್ತರ ಬಂದರೆ ಯಾರದು ಅಂತ ಗೊತ್ತಾಗುತ್ತದೆ, ಹೊಸಬರು ಬಂದು ಬಾಗಿಲು ತಟ್ಟಿದರೆ ಯಾವ ಮನೆಗೆ ಕಳಿಸಬೇಕು ಅಂತ ಗೊತ್ತಾಗಲ್ಲ. ಕಂಪನಿಗಳು ಹೀಗೆ ಮಾಡುವುದರ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ಹೇಳದೆ ದುಡ್ಡು ತಗೊಳ್ಳುವುದರ ಬಗ್ಗೆ ಇದೆ.

ದುಡ್ಡಿಗಿಂತ ಜಾಸ್ತಿ ಸಿಟ್ಟು ಬಂದಿದ್ದು ಆಮೇಲಿನದಕ್ಕೆ. ದೂರು ಕೊಟ್ಟಿದ್ದಕ್ಕೆ ಟೆಕ್ನಿಷಿಯನ್ ಒಬ್ಬರನ್ನು ಕಳಿಸಿದರು. ಅವರು ರೌಟರಿನ ಪುಟ ತೆಗೆದು ಏನೇನೋ ಒತ್ತಿ, 'ಎಲ್ಲಾ ಓಪನ್ ಮಾಡಿದೀನಿ ಸರ್, ಇನ್ನು ತೊಂದರೆ ಇಲ್ಲ' ಅಂದು ಹೊರಟರು. ಪುಟವೇನೂ ತೆರೆಯಲಿಲ್ಲ. ತುಂಬಾ ಜಗಳ ಆಡಿದ ಮೇಲೆ ಕಂಪನಿಯವರು ಒಂದು ಸಂಜೆ ನಿಜವಾದ ಪಬ್ಲಿಕ್ ಐಪಿ ಕೊಟ್ಟರು. ಪುಟ ತೆರೆಯಿತು, ಖುಷಿಯಾಯಿತು. ಅದೇ ರಾತ್ರಿ ಲಾಗ್ ನೋಡಿದರೆ ಸಾಲು ಸಾಲಾಗಿ ಅಪರಿಚಿತರು. ನಮ್ಮಲ್ಲಿ ಇಲ್ಲದೇ ಇರುವ ವರ್ಡ್‌ಪ್ರೆಸ್‌ನ ಲಾಗಿನ್ ಪುಟ ಕೇಳುವವರು, ಪಿಎಚ್‌ಪಿ ಮೈಅಡ್ಮಿನ್ ಹುಡುಕುವವರು, ಪಾಸ್‌ವರ್ಡ್ ಇಡುವ ಫೈಲ್‌ಗಳಿಗೆ ಕೈ ಹಾಕುವವರು. ಪಬ್ಲಿಕ್ ವಿಳಾಸಕ್ಕೆ ಬಾಟ್‌ಗಳು (ತಾವಾಗೇ ಹುಡುಕಾಡುವ ಪ್ರೋಗ್ರಾಂಗಳು) ಬರೋದು ಮಾಮೂಲು ಬಿಡಿ. ಆದರೆ ದೂರದಿಂದ ಲಾಗಿನ್ ಆಗೋಕೆ ಬಳಸುವ, ನಾನು ತೆರೆಯದೇ ಇದ್ದ 22ನೇ ಪೋರ್ಟಿಗೂ 'ರೂಟ್', 'ಅಡ್ಮಿನ್' ಅಂತ ಲಾಗಿನ್ ಪ್ರಯತ್ನಗಳು ಬರುತ್ತಿದ್ದವು.

ರೌಟರಿನಲ್ಲಿ ನೋಡಿದರೆ ಆ ಪುಣ್ಯಾತ್ಮ ಡಿಎಂಜೆಡ್ ಆನ್ ಮಾಡಿ ಪೈ ವಿಳಾಸ ಹಾಕಿದ್ದಾರೆ. ಅಂದರೆ ಹೊರಗಿನಿಂದ ಬರುವುದೆಲ್ಲ, ಯಾವ ಪೋರ್ಟ್ ಆದರೂ ಸರಿ, ನೇರ ಪೈಗೆ. ಫೈರ್‌ವಾಲ್ ಆಫ್. ರಿಮೋಟ್ ಮ್ಯಾನೇಜ್‌ಮೆಂಟ್ ಆನ್, ಅಂದರೆ ರೌಟರಿನ ಲಾಗಿನ್ ಪುಟವೂ ಊರಿಗೆಲ್ಲ ಕಾಣುತ್ತಿತ್ತು. ಪಾಸ್‌ವರ್ಡ್ ರೀಸೆಟ್ ಮಾಡಿ ಡಬ್ಬದ ಕೆಳಗೆ ಅಂಟಿಸಿರುವುದನ್ನೇ ಬಿಟ್ಟಿದ್ದರು. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಲಕ್ಷಗಟ್ಟಲೆ ಕ್ಯಾಮೆರಾ, ರೌಟರ್‌ಗಳನ್ನು ಹಿಡಿದದ್ದು ಇಂಥ ಫ್ಯಾಕ್ಟರಿ ಪಾಸ್‌ವರ್ಡ್‌ಗಳಿಂದಲೇ. ಪೈಗೆ ಪಾಸ್‌ವರ್ಡ್ ಲಾಗಿನ್ ಇರಲಿಲ್ಲ, ನನ್ನ ಹತ್ತಿರ ಇರುವ ಕೀ ಫೈಲ್‌ನಿಂದ ಮಾತ್ರ. ಅದಕ್ಕೇ ಬಚಾವ್. ಯಾರಾದರೂ ಬಂದು 'ಎಲ್ಲಾ ಓಪನ್ ಮಾಡಿದೀನಿ' ಅಂದರೆ ಅವರು ಬಾಗಿಲು ದಾಟುವ ಮುಂಚೆ ಡಿಎಂಜೆಡ್, ಫೈರ್‌ವಾಲ್, ರಿಮೋಟ್ ಮ್ಯಾನೇಜ್‌ಮೆಂಟ್, ಪಾಸ್‌ವರ್ಡ್ ಈ ನಾಲ್ಕನ್ನೂ ನೋಡಿ.

ವ್ಯಾನ್ ಐಪಿ ಸರಿಯಿದ್ದೂ ಪುಟ ತೆರೆಯದಿದ್ದರೆ ಪೈನಲ್ಲಿ ಟಿಸಿಪಿಡಂಪ್ (ಬರುವ ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಪ್ರೋಗ್ರಾಂ) ಓಡಿಸಿ, ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ತೆರೆದು ನೋಡಿ. ಮನೆ ವೈಫೈನಿಂದಲೇ ಪಬ್ಲಿಕ್ ಐಪಿ ಹೊಡೆದು ಪರೀಕ್ಷೆ ಮಾಡಬೇಡಿ, ಎಷ್ಟೋ ರೌಟರ್‌ಗಳು ಅದನ್ನು ಒಳಗೆ ತಿರುಗಿಸಿ ಕೊಡಲ್ಲ. ಪ್ಯಾಕೆಟ್ ಬರುತ್ತಿದ್ದರೆ ತಪ್ಪು ಪೈನಲ್ಲಿ ಹುಡುಕಿ. ಒಂದೂ ಬರದಿದ್ದರೆ ರೌಟರ್ ಅಥವಾ ಅದರಾಚೆ. ಕಂಪನಿಯ ಫೈಬರ್ ಡಬ್ಬ, ಅದರ ಹಿಂದೆ ನಿಮ್ಮದೇ ರೌಟರ್ ಅಂತ ಎರಡಿದ್ದರೆ ಡಬ್ಬವನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಆಗ ವ್ಯಾನ್ ಐಪಿ ನೇರ ನಿಮ್ಮ ರೌಟರಿಗೇ ಸಿಗುತ್ತದೆ. ಕೆಲವು ಕಂಪನಿಗಳು ಪಬ್ಲಿಕ್ ಐಪಿ ಕೊಟ್ಟರೂ 80ನ್ನು ತಡೆಯುತ್ತವೆ, 8080 ಹಾಕಿ ನೋಡಿದರೆ ಗೊತ್ತಾಗುತ್ತದೆ.

ಪಬ್ಲಿಕ್ ಐಪಿ ಇಲ್ಲದೆಯೂ ಕೆಲಸ ಆಗುತ್ತದೆ. ಕ್ಲೌಡ್‌ಫ್ಲೇರ್ ಕಂಪನಿಯ ಟನಲ್ ಅನ್ನುವ ಸೇವೆ ಒಳಗಿನಿಂದ ಹೊರಕ್ಕೆ ಸಂಪರ್ಕ ಮಾಡುತ್ತದೆ, ಸಿಜಿ-ನ್ಯಾಟ್ ಅಡ್ಡ ಬರಲ್ಲ. ನಿಮ್ಮದೇ ಡೊಮೇನ್ ಇರಬೇಕು, ಹೋಗುವ ಬರುವ ಮಾಹಿತಿ ಅವರ ಸರ್ವರಿನ ಮೂಲಕ ಹಾಯುತ್ತದೆ ಅನ್ನೋದು ನೆನಪಿರಲಿ. ಮನೆಯವರಿಗಷ್ಟೇ ಸಾಕು ಅಂದರೆ ಟೇಲ್‌ಸ್ಕೇಲ್ (ನಿಮ್ಮವರ ಫೋನ್, ಕಂಪ್ಯೂಟರ್‌ಗಳನ್ನು ಒಂದು ಖಾಸಗಿ ನೆಟ್‌ವರ್ಕಿಗೆ ಸೇರಿಸುವ ಸಾಫ್ಟ್‌ವೇರ್) ಇನ್ನೂ ಸುಲಭ. ಮೊದಲೇ ಗೊತ್ತಿದ್ದರೆ ಸ್ಟ್ಯಾಟಿಕ್ ಐಪಿ ಗೊಡವೆಗೇ ಹೋಗುತ್ತಿರಲಿಲ್ಲ.

ಪಬ್ಲಿಕ್ ಐಪಿ ಬೇಕೇ ಬೇಕು ಅನ್ನುವವರು ಫೋನಿನಲ್ಲಿ ಮಾತಾಡಿ ಒಪ್ಪಿಕೊಳ್ಳಬೇಡಿ. 'ಪಬ್ಲಿಕ್ ಐಪಿವಿ4 ಕೊಡ್ತೀರಾ? 80 ಮತ್ತು 443 ಒಳಗೆ ಬರೋಕೆ ಬಿಡ್ತೀರಾ?' ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ. ಕೆಲಸಕ್ಕೆ ಬಾರದೆ ಹೋದ ಅವಧಿಯ ಹಣ ವಾಪಸ್ ಕೇಳಿದ್ದಕ್ಕೆ ನಮಗೆ ಸಿಕ್ಕ ಉತ್ತರ: 'ನೀವು ಸ್ಟ್ಯಾಟಿಕ್ ಅಂದ್ರಿ ಸರ್, ಸ್ಟ್ಯಾಟಿಕ್ಕೇ ಕೊಟ್ಟಿದೀವಲ್ಲ.' 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಇನ್ನೂ ಇತ್ಯರ್ಥ ಆಗಿಲ್ಲ.